ನಲವತ್ತೈದು ದಿನ ಮುಚ್ಚಿದ ಗುಂಡಿ

ಫೆಬ್ರವರಿಯ ಆ ಬುಧವಾರ ಬೆಳಿಗ್ಗೆ ಏಳಕ್ಕೆ ಮೇವು ಕತ್ತರಿಸುವ ಯಂತ್ರ ಬರಬೇಕೆಂದು ಒಂದು ತಿಂಗಳ ಮೊದಲೇ ಹೇಳಿಟ್ಟಿದ್ದೆ. ಏಳಕ್ಕೆ ಬಂತು. ಮರಾಠಿ ನಾಡಿನ ಶಿವಾಜಿನಗರದ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಹಾಜರಿ ಪುಸ್ತಕ ನೋಡಿಕೊಂಡವನು ನಾನು. ನಿವೃತ್ತನಾಗಿ ಭೋರ್ ರಸ್ತೆಯ ಪಕ್ಕ ಆರು ಎಮ್ಮೆ ಕಟ್ಟಿದ ಮೇಲೂ ಆ ಪುಸ್ತಕ ತಲೆಯಿಂದ ಇಳಿದಿರಲಿಲ್ಲ.

ಹಸಿ ಮೆಕ್ಕೆಜೋಳವನ್ನು ಕತ್ತರಿಸಿ ಗುಂಡಿಗೆ ತುಂಬಿ, ಟ್ರ್ಯಾಕ್ಟರಿನಿಂದ ತುಳಿಸಿ, ಗಾಳಿಯಾಡದಂತೆ ಮುಚ್ಚಿದರೆ ಅದು ಹುಳಿತು ರಸಮೇವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಹಸಿರು ಮೇವು ಸಿಗುವುದಿಲ್ಲ. ಆರು ಎಮ್ಮೆಗಳ ಬೇಸಿಗೆ ಆ ಒಂದು ಗುಂಡಿಯಲ್ಲಿತ್ತು.

ಯಂತ್ರ ಉಗುಳಿದ ಮೊದಲ ತುಂಡುಗಳನ್ನು ನನ್ನ ಹೆಂಡತಿ ಹಿಡಿಯಲ್ಲಿ ಎತ್ತಿ ಹಿಂಡಿದಳು. ಬೆರಳ ಸಂದಿನಿಂದ ನೀರು ತೊಟ್ಟಿಕ್ಕಿತು.

“ನೋಡ್ರಿ, ಭಾಳ ಹಸಿ ಅದ. ಕಾಳಿನಾಗ ಹಾಲು ಹಂಗ ಅದ. ಒಂದು ವಾರ ತಡೀರಿ.”

“ದಿನ ಗೊತ್ತು ಮಾಡೀನಿ. ಯಂತ್ರ ಬಂದದ.”

“ಯಂತ್ರಕ್ಕ ಹೇಳಿದ್ರಿ. ಮೆಕ್ಕೆಜೋಳಕ್ಕ ನೋಟೀಸು ಕೊಟ್ಟಿದ್ರೇನು?”

ಯಂತ್ರದವನು ನಕ್ಕ. ಮುಂದಿನ ಬುಧವಾರವೂ ತನಗೆ ಬಿಡುವಿದೆ ಎಂದು ಮರಾಠಿಯಲ್ಲಿ ಹೇಳಿ, ನಿಲ್ಲಿಸಲೇ ಅಜ್ಜಾ ಎಂದು ಕೇಳಿದ: “ಥಾಂಬೂ ಕಾ, ಆಜೋಬಾ?”

ನಾನು ಕೈಗಡಿಯಾರ ನೋಡಿ, ನಡೆಸು ಎಂದೆ: “ಚಾಲೂ ಕರಾ.”

ಸಂಜೆ ಐದಕ್ಕೆ ಗುಂಡಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಮಣ್ಣು, ಹಳೆಯ ಟೈರು ಹೇರಿ, ಕ್ಯಾಲೆಂಡರಿನಲ್ಲಿ ನಲವತ್ತೈದನೆಯ ದಿನಕ್ಕೆ ಗುರುತು ಹಾಕಿದೆ.

ಎಂಟನೆಯ ದಿನ ಗುಂಡಿಯ ತಗ್ಗಿನ ತುದಿಯಲ್ಲಿ ಕಂದು ನೀರು ಜಿನುಗಿತು. ಬೆರಳಿಗೆ ಹಚ್ಚಿ ಮೂಸಿದರೆ ಕೆಟ್ಟ ಬೆಣ್ಣೆಯ ನಾತ. ಒಳಗೆ ಎಷ್ಟು ಕೆಟ್ಟಿದೆ ಎಂದು ತಿಳಿಯಲು ತೆರೆಯಬೇಕು; ತೆರೆದರೆ ಗಾಳಿ ಹೊಕ್ಕು ಚೆನ್ನಾಗಿರುವುದೂ ಹಾಳಾಗುತ್ತದೆ. ಮೂವತ್ತೇಳು ದಿನ, ಪ್ರತಿ ಬೆಳಿಗ್ಗೆ ಆರಕ್ಕೆ, ಅಲ್ಲಿ ಹೋಗಿ ನಿಂತು ಬಂದೆ. ಹೊಲದ ಹುಲ್ಲು ತೀರಿತು. ಕಡೆಯ ವಾರ ಬರಿಯ ಒಣ ಜೋಳದ ದಂಟು ಹಾಕಿದೆವು, ಹಾಲು ಇಳಿಯಿತು.  ಹೆಂಡತಿ ಬೈದಿದ್ದರೆ ಹಗುರಾಗುತ್ತಿದ್ದೆ.

ಗುರುತು ಹಾಕಿದ ದಿನ ಇಬ್ಬರೂ ಒಂದು ಬದಿಯ ಹಾಳೆ ಸರಿಸಿದೆವು. ಮೇಲಿನ ಮೇವು ಹಳದಿ ಹಸಿರಾಗಿತ್ತು, ಉಪ್ಪಿನಕಾಯಿಯಂತೆ ಹುಳಿ ವಾಸನೆ. ಕಡಿಯುತ್ತ ತಳಕ್ಕೆ ಮೊಣಕಾಲೆತ್ತರ ಉಳಿದಾಗ ಗುದ್ದಲಿಗೆ ಕಪ್ಪು ಲೋಳೆ ಅಂಟಿತು. ತಳದವರೆಗೂ ಅದೇ. ಮೂರರಲ್ಲಿ ಒಂದು ಪಾಲು ಕೆಟ್ಟಿತ್ತು.

ಮೇಲಿನ ಮೇವನ್ನು ಒಂದು ಬುಟ್ಟಿ ಒಯ್ದು ಎಲ್ಲಕ್ಕೂ ಹಿರಿಯ ಎಮ್ಮೆಯ ಮುಂದೆ ಇಟ್ಟೆ. ಅದು ಮೂಸಿ ಮುಖ ತಿರುಗಿಸಿತು. ನನ್ನ ಕಣ್ಣು ಕೈಗಡಿಯಾರಕ್ಕೆ ಹೋಯಿತು.

“ಹೊಸ ವಾಸನಿ ಅದು. ನಿಂದರ್ರಿ,” ಅಂದಳು ಹೆಂಡತಿ. “ಗಡಿಯಾರ ನೋಡಬ್ಯಾಡ್ರಿ.”

ಕೈ ಹಿಂದೆ ಕಟ್ಟಿ ನಿಂತೆ. ಎಮ್ಮೆ ಮತ್ತೆ ಮೂಸಿತು, ಒಂದು ಬಾಯಿ ಹಾಕಿತು, ಆಮೇಲೆ ಬುಟ್ಟಿಯನ್ನೇ ತಳ್ಳಿಕೊಂಡು ತಿಂದಿತು.

ಕಪ್ಪಾದದ್ದನ್ನೆಲ್ಲ ನಾನೇ ತಿಪ್ಪೆಗೆ ಹೊತ್ತೆ. ಮೇ ಅರ್ಧವಾಗುವಷ್ಟರಲ್ಲಿ ಮೇವು ಸಾಲದೆ, ಎರಡು ಎಮ್ಮೆಗಳನ್ನು ಮಳೆ ಬರುವವರೆಗೆ ಪರಿಚಯದವರ ಕೊಟ್ಟಿಗೆಗೆ ಕಳಿಸಬೇಕಾಯಿತು. ಆ ಹಿರಿಯದೂ ಟೆಂಪೋ ಏರಿತು, ನಾಲ್ಕು ಜನ ತಳ್ಳಿದ ಮೇಲೆ.

ಈ ವರ್ಷ ಯಂತ್ರದವನು ಯಾವ ದಿನ ಬರಲಿ ಎಂದು ಫೋನ್ ಮಾಡಿದ. ನಾನು ಫೋನನ್ನು ಹೆಂಡತಿಯ ಕೈಗೆ ಕೊಟ್ಟೆ.