ಹಲಗೆಯ ಅಂಚಿನ ಬೂಟುಗಳು

ಗಾಳದವರಿಗೆ ಬೆಳಗಿನ ಬುತ್ತಿ ಕೊಡಲು ದೋಣಿಯಲ್ಲಿ ಹೊರಟ ಓಕ್‌ಬುನ್ ಹುಟ್ಟು ಹಾಕುವುದನ್ನೇ ನಿಲ್ಲಿಸಿದಳು. ಐದನೇ ತೇಲುಗುಡಿಸಲಿನ ಹಲಗೆಯ ಅಂಚಿನಲ್ಲಿ ಒಂದು ಜೊತೆ ಬೂಟು. ಒಂದಕ್ಕೊಂದು ತಾಗಿಸಿ, ಮೂತಿ ನೀರಿನ ಕಡೆಗೆ. ಮನುಷ್ಯ ಮಾತ್ರ ಕಾಣಲಿಲ್ಲ.

ಜೀವ ಬೇಡವಾದವರು ನೀರಿಗಿಳಿಯುವ ಮುನ್ನ ಹಾಗೆ ಜೋಡಿಸಿಡುತ್ತಾರೆ. ನಮ್ಮ ಚುಂಗ್‌ಚಾಂಗ್ ಸೀಮೆಯ ಕೂಸಿಗೂ ಗೊತ್ತು. ಅದಕ್ಕೇ ಇಪ್ಪತ್ತೆರಡು ವರ್ಷಗಳಿಂದ, ಜಲಾಶಯದಲ್ಲಿ ಗಾಳ ಹಾಕಲು ಬಂದವರನ್ನು ದಾಟಿಸುವಾಗೆಲ್ಲ ಅವಳದು ಒಂದೇ ಪಾಠ: "ಬೂಟು ಬಾಗಿಲ ಹತ್ರ ಬಿಡಿ. ಅಂಚಿಗಿಟ್ರೆ ಎತ್ತಿ ನೀರಿಗೆಸೀತೀನಿ ನೋಡಿ!"

ಪ್ಯೋ ಮೇಷ್ಟ್ರಂತೂ ಅವಳಿಗಿಂತ ಮೊದಲೇ ಆ ಮಾತು ಒಪ್ಪಿಸಿ ನಗುತ್ತಿದ್ದರು. ಹದಿನೈದು ವಸಂತ ತಪ್ಪದೆ ಬಂದ ಗಿರಾಕಿ. ಪ್ರತಿ ಸಲ ಹೆಂಡತಿ ಹಾಕಿದ ಮೂಲಂಗಿ ಕಿಮ್ಚಿ ಉಪ್ಪಿನಕಾಯಿಯನ್ನು ಓಕ್‌ಬುನ್‌ಗೂ ಒಂದು ಡಬ್ಬಿ ತರುತ್ತಿದ್ದರು. ಈ ಸಲ ಬರಿಗೈ. ಹೆಂಡತಿ ಚಳಿಗಾಲದಲ್ಲಿ ತೀರಿಕೊಂಡರಂತೆ. ನಿನ್ನೆ ಈ ಐದನೇ ಗುಡಿಸಲಿಗೆ ದಾಟಿಸುವಾಗ ಮೇಷ್ಟ್ರು ಬೂಟಿನ ಮಾತು ಒಪ್ಪಿಸಲಿಲ್ಲ. ದುಃಖದವರನ್ನು ಕೆಣಕಬಾರದೆಂದು ಇವಳೂ ಆ ಪಾಠ ನುಂಗಿಕೊಂಡಿದ್ದಳು. ಆ ಸುಡುಗಾಡು ಮರ್ಯಾದೆ ಯಾರಿಗೆ ಬೇಕಿತ್ತು!

ಅವಸರಕ್ಕೆ ಹುಟ್ಟು ಎರಡು ಸಲ ಜಾರಿತು. ಹೇಗೋ ಹಲಗೆ ಹತ್ತಿ ಗುಡಿಸಲಿನೊಳಗೆ ಇಣುಕಿದಳು. ಹಾಸಿಗೆ ಮಡಿಸಿಟ್ಟಿತ್ತು. ಯಾರೂ ಇರಲಿಲ್ಲ.

"ಮೇಷ್ಟ್ರೇ! ಅಯ್ಯೋ, ಮೇಷ್ಟ್ರೇ!"

"ಶ್! ಮೆತ್ತಗೆ, ತಾಯಿ!" ಗುಡಿಸಲ ಹಿಂದಿನಿಂದ ದನಿ ಬಂತು. ಮೇಷ್ಟ್ರು ಬರಿಗಾಲಲ್ಲಿ, ಜೊಂಡಿನ ಕಡೆಗೆ ಗಾಳದ ಕೋಲು ಚಾಚಿ ಕುಕ್ಕರಗಾಲಲ್ಲಿ ಕೂತಿದ್ದರು. "ಮೀನು ಕಚ್ಚಿ ಬೆಂಡು ಮೇಲೇಳ್ತಾ ಇತ್ತು. ಮೊಳದುದ್ದದ ಬುಂಗೊ ಮೀನು. ಓಡಿಸಿಬಿಟ್ಟೆಯಲ್ಲ!"

ಓಕ್‌ಬುನ್ ಅಲ್ಲೇ ಕುಸಿದು ಕೂತು ಅತ್ತಳು. ಅಳುತ್ತಲೇ ಬೈದಳು. "ನಿಮ್ಮ ಮೀನಿಗಿಷ್ಟು ಬೆಂಕಿ ಹಾಕ! ಹೆಜ್ಜೆ ಸಪ್ಪಳಕ್ಕೆ ಮೀನು ಓಡುತ್ತೆ ಅಂತ ಬೂಟು ಬಿಚ್ಚಿದ್ರೆ, ಬಾಗಿಲಲ್ಲಿ ಬಿಡೋಕೆ ಏನಾಗಿತ್ತು ರೋಗ? ನನ್ನ ಜೀವ ಬಾಯಿಗೆ ಬಂದಿತ್ತು."

ಮೇಷ್ಟ್ರು ಕೋಲನ್ನು ತೊಡೆಯ ಮೇಲಿಟ್ಟುಕೊಂಡರು.

"ಮೀನಿಗೋಸ್ಕರ ಬಿಚ್ಚಿದ್ದಲ್ಲ," ಎಂದರು. "ಬೆಳಗಿನ ಜಾವ ಬಿಚ್ಚಿಟ್ಟೆ. ಗಾಳದ ದಾರವಾದ್ರೂ ನೆಟ್ಟಗೆ ಸುತ್ತಿಟ್ಟು ಹೋಗೋಣ ಅಂತ ಈ ಕಡೆ ಬಂದೆ. ಅಷ್ಟ್ರಲ್ಲಿ ಬೆಂಡು ಅಲ್ಲಾಡ್ತು, ಹಾಗೇ ಕೂತ್ಬಿಟ್ಟೆ."

ಓಕ್‌ಬುನ್ ಕಣ್ಣೊರೆಸಿಕೊಂಡು ಎದ್ದಳು. ಬೂಟುಗಳನ್ನೆತ್ತಿ ದೋಣಿಗೆ ಹಾಕಿದಳು.

"ಹತ್ತಿ. ನಮ್ಮನೇಲಿ ಊಟ ಮಾಡೀರಂತೆ."

"ಬುತ್ತಿ ಇಲ್ಲೇ ತಂದಿದೀಯಲ್ಲ?"

"ಅದು ಆರಿ ಹೋಯ್ತು. ಹತ್ತಿ ಅಂದ್ನಲ್ಲ!"

ಮೇಷ್ಟ್ರು ಕೋಲು ಕೆಳಗಿಟ್ಟು ಬರಿಗಾಲಲ್ಲೇ ದೋಣಿ ಹತ್ತಿದರು. ಅವರು ಕೂತು, ದೋಣಿಯ ಓಲಾಟ ನಿಲ್ಲುವವರೆಗೂ ಅವಳು ಅವರ ತೋಳು ಬಿಡಲಿಲ್ಲ.