ಕಾರಿಗೆ ಚಿಮುಕಿಸಿದ ತೀರ್ಥ

ಬೀದಿಯಲ್ಲಿ ಹಾರ್ನ್ ಕೇಳಿದರೆ ಮನೆಯೊಳಗಿದ್ದವರೇ "ಇದು ಇಂಥವರ ಕಾರು" ಎಂದು ತೀರ್ಪು ಕೊಡುತ್ತಿದ್ದ ಕಾಲದ ಹೊಳಲ್ಕೆರೆ. ನಮ್ಮಪ್ಪನ ಟ್ಯಾಕ್ಸಿಯನ್ನು ಗುರುತಿಸಲು ಹಾರ್ನೂ ಬೇಕಿರಲಿಲ್ಲ. ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಅದಕ್ಕೆ ನಡುಕದ ಕಾಯಿಲೆ ಹತ್ತಿತ್ತು. ಓಡುವಾಗ ಒಂದೂ ದೂರಿಲ್ಲ. ನಿಂತಲ್ಲೇ ಇಂಜಿನ್ ತಿರುಗುತ್ತಿದ್ದರೆ ಮಾತ್ರ ಚಳಿಜ್ವರ ಬಂದವರಂತೆ ಗಡಗಡ ನಡುಗಿ, ಎರಡು ಸಲ ಕೆಮ್ಮಿ, ಆರಿಹೋಗುತ್ತಿತ್ತು. ರಾಮಗಿರಿಯ ರೈಲ್ವೆ ಗೇಟಿನಲ್ಲಿ ಆರಿತೆಂದರೆ ಒಳಗಿದ್ದ ಬೀಗರು ರೇಷ್ಮೆ ಪಂಚೆ ಎತ್ತಿ ಕಟ್ಟಿ ತಳ್ಳಬೇಕು. ಒಮ್ಮೆ ತಳ್ಳಿದ ಬೀಗರು ಇನ್ನೊಮ್ಮೆ ನಮ್ಮ ಕಾರು ಕರೆಯುತ್ತಿರಲಿಲ್ಲ.

ಕಾಯಿಲೆಯ ಕಾರಣ ಊರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅದು ನಾನು.

ಯುಗಾದಿ ಕಳೆದ ಮೇಲೆ ಅಪ್ಪ ಅಂಗಳದಲ್ಲೇ ಕಾರ್ಬ್ಯುರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದಿದ್ದರು. ಅದರ ಬುಡಕ್ಕೆ ಹಾಕುವ ಕಾಗದದ ಪ್ಯಾಕಿಂಗ್ ಹರಿದಿತ್ತು. ಹೊಸದು ತರಲು ನನ್ನನ್ನು ಅಂಗಡಿಗೆ ಅಟ್ಟಿದರು. ತರುವ ದಾರಿಯಲ್ಲಿ ಗೆಳತಿಯರು ಕುಂಟೆಬಿಲ್ಲೆ ಆಡುತ್ತಿದ್ದರು. ಪ್ಯಾಕಿಂಗನ್ನು ಕಟ್ಟೆಯ ಮೇಲಿಟ್ಟು, ಒಂದೇ ಒಂದಾಟ ಎಂದು ಇಳಿದೆ. ತಿರುಗಿ ಬಂದಾಗ ಒಂದು ಮೇಕೆ ಅದನ್ನು ಮುಗಿಸಿ, ಇನ್ನೊಂದಿದೆಯೇ ಎಂಬಂತೆ ನನ್ನನ್ನೇ ನೋಡುತ್ತಿತ್ತು.

ನಿಜ ಹೇಳುವ ಧೈರ್ಯವಿದ್ದಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಗೋಡೆಯ ಗೂಡಿನಲ್ಲಿದ್ದ ಒಂದು ಮದುವೆ ಕಾಗದ ಎತ್ತಿಕೊಂಡೆ. ಹರಿದ ಪ್ಯಾಕಿಂಗನ್ನು ಅದರ ಮೇಲಿಟ್ಟು ಗೆರೆ ಎಳೆದು, ಅವ್ವನ ಕತ್ತರಿಯಲ್ಲಿ ಕತ್ತರಿಸಿ, ಅಕ್ಷರ ಕಾಣದಂತೆ ಗ್ರೀಸ್ ಬಳಿದು ಅಪ್ಪನ ಕೈಗಿಟ್ಟೆ. ಬಾಡಿಗೆಯ ಅವಸರದಲ್ಲಿದ್ದ ಅಪ್ಪ ನೋಡದೆ ಕೂರಿಸಿದರು. ಮೂರು ವಾರ ನನ್ನ ಕರಕುಶಲತೆ ತಾಳಿತು. ಆಮೇಲೆ ನಡುಕ ಶುರುವಾಯಿತು.

ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜ್ ಇಟ್ಟಿದ್ದ ತಿಪ್ಪೇಸ್ವಾಮಣ್ಣ ವೈದ್ಯಕ್ಕೆ ಬಂದ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗಿಟ್ಟು, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಆಗ ಅಂಗಳದಲ್ಲಿ ಯಾರೂ ಸೀನುವಂತೆಯೂ ಇರಲಿಲ್ಲ. ಪ್ಲಗ್ ಬದಲಾಯಿತು, ಪಾಯಿಂಟ್ ಬದಲಾಯಿತು, ಪೆಟ್ರೋಲ್ ಟ್ಯಾಂಕ್ ತೊಳೆದಾಯಿತು.

"ನಾಡಿ ಸಿಗ್ತಾ ಇಲ್ಲ ಕಣಣ್ಣ" ಎಂದು ಕೊನೆಗೆ ಕೈ ಒರೆಸಿಕೊಂಡ.

"ನಿಂಗೇ ಸಿಗದ ಮ್ಯಾಲೆ ಇನ್ಯಾರಿಗೆ ಸಿಗ್ತೈತಪ್ಪ" ಎಂದರು ಅಪ್ಪ. "ಭಾನುವಾರ ಹಿರಿಯೂರಿನೋರು ಕಾರು ನೋಡಕ್ಕೆ ಬರ್ತಾರೆ. ಕೊಟ್ಟುಬಿಡ್ತೀನಿ."

"ಕೊಟ್ಟು ಏನ್ ಮಾಡ್ತೀರಿ?" ಅವ್ವ ಬಾಗಿಲಲ್ಲೇ ಕೇಳಿದಳು.

"ಯಾರದಾದ್ರೂ ಲಾರಿ ಹತ್ತೋದು. ತಿಂಗ್ಳಿಗೊಂದ್ಸಲ ಮನಿಗ್ ಬಂದ್ರೆ ಆತು."

ಅವತ್ತು ಸಂಜೆ ಅಪ್ಪ ತಂದ ಬಿಸಿ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದೆ. "ಹುಡುಗಿಗೆ ಜ್ವರ" ಎಂದು ಅಜ್ಜಿ ತೀರ್ಮಾನಿಸಿದಳು. ಒಂದು ಮೇಕೆ, ಒಂದು ಮದುವೆ ಕಾಗದ, ಅಷ್ಟಕ್ಕೆ ಅಪ್ಪ ಮನೆ ಬಿಟ್ಟು ಹೋಗುವುದೆಂದರೆ! ಹೇಳಬೇಕೆಂದು ನಾಲ್ಕು ಸಲ ಅಪ್ಪನ ಹತ್ತಿರ ಹೋದೆ. ನಾಲ್ಕು ಸಲವೂ ನೀರು ಬೇಕೇ ಎಂದು ಕೇಳಿ ಬಂದೆ.

ಶನಿವಾರ ಬೆಳಿಗ್ಗೆ ತಿಪ್ಪೇಸ್ವಾಮಣ್ಣ ಕೊನೆಯ ಸಲ ಬಂದ. ಬಾನೆಟ್ ತೆರೆದಿತ್ತು, ಇಂಜಿನ್ ನಡುಗುತ್ತಿತ್ತು. ಅಜ್ಜಿ ಬೆಟ್ಟದ ದೇವಸ್ಥಾನದ ತೀರ್ಥದ ಚೊಂಬು, ಮಾವಿನೆಲೆ ಹಿಡಿದು ಬಂದಳು.

"ಸರಿಯಲೇ ತಿಪ್ಪ. ಕಾರಿಗೆ ಕಣ್ಣು ಬಿದ್ದೈತೆ."

"ಅಜ್ಜೀ, ವೈರಿನ ಮ್ಯಾಲೆ ಬಿದ್ರೆ ಇರೋ ಜೀವಾನೂ ಹೋಗ್ತೈತೆ!"

"ಹದಿನೈದು ದಿನದಿಂದ ನೀನು ಉಳಿಸಿದ್ದು ನೋಡೀವಿ, ಅತ್ತ ಸರಿ."

ಅಜ್ಜಿ ಚಿಮುಕಿಸಿದಳು. ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ ಇಂಜಿನ್ ನಡುಕ ಬಿಟ್ಟು ಸಣ್ಣಗೆ ಗುಂಯ್‌ಗುಟ್ಟಿತು. ಒಂದೆರಡು ಉಸಿರಿನ ಹೊತ್ತು ಅಷ್ಟೆ, ಮತ್ತೆ ಗಡಗಡ. ಅಪ್ಪ ಕೈ ಮುಗಿದರು. ತಿಪ್ಪೇಸ್ವಾಮಣ್ಣ ಮುಗಿಯಲಿಲ್ಲ.

"ಅಜ್ಜಿ, ಈಗ ಎಲ್ಲಿಗೆ ಹಾಕಿದ್ರಿ? ಅಲ್ಲಿಗೇ ಇನ್ನೊಂದ್ಸಲ ಹಾಕ್ರಿ."

"ಈಗ ಭಕ್ತಿ ಬಂತೇನಪ್ಪ?"

"ಬಂತು ಹಾಕ್ರಿ!"

ಕಾರ್ಬ್ಯುರೇಟರ್ ಬುಡಕ್ಕೆ ನೀರು ಬಿದ್ದಾಗಲೆಲ್ಲ ಶಾಂತಿ, ನೀರು ಒಣಗಿದೊಡನೆ ನಡುಕ. "ಬುಡದಾಗೆ ಸಂದಿ ಬಿಟ್ಟೈತೆ. ಗಾಳಿ ಎಳ್ಕಂತೈತೆ. ನೀರು ಬಿದ್ರೆ ಸಂದಿ ಮುಚ್ತೈತೆ" ಎಂದು ಇಂಜಿನ್ ಆರಿಸಿ, ನಟ್ಟು ಬಿಚ್ಚತೊಡಗಿದ. ನಾನು ಕಂಬದ ಹಿಂದೆ ನಿಂತೆ.

ಪ್ಯಾಕಿಂಗ್ ಹೊರಬಂತು. ಪೆಟ್ರೋಲಿಗೆ ಗ್ರೀಸ್ ತೊಳೆದುಹೋಗಿತ್ತು. ಅಂಚು ಸುರುಟಿತ್ತು. ನಡುವೆ ಅಚ್ಚುಕಟ್ಟಾಗಿ, ಕೆಂಪು ಅಕ್ಷರದಲ್ಲಿ, 'ಸುಖಾಗಮನ ಬಯಸುವವರು' ಎಂದಿತ್ತು. ತಿಪ್ಪೇಸ್ವಾಮಣ್ಣ ಅದನ್ನು ಓದಿದ. ಕಂಬದ ಕಡೆ ನೋಡಿದ. ನನ್ನ ಮುಖದಲ್ಲಿ ಉಳಿದದ್ದನ್ನು ಓದಿರಬೇಕು.

"ಏನದು?" ಅಪ್ಪ ಕೇಳಿದರು.

"ಏನಿಲ್ಲಣ್ಣ, ಪ್ಯಾಕಿಂಗ್ ಸುಟ್ಟೈತೆ. ಒಂದೊಂದು ಹಂಗೇ ಬರ್ತಾವೆ." ಅದನ್ನು ಮುದುರಿ ಜೇಬಿಗಿಟ್ಟುಕೊಂಡ. ಆಮೇಲೆ ನನ್ನನ್ನು ಕರೆದ. "ಬಾರವ್ವ. ಅಂಗಡಿಗೆ ಹೋಗಿ ಹೊಸದು ತಗಂಬಾ. ನೆಟ್ಟಗೆ ಹೋಗು, ನೆಟ್ಟಗೆ ಬಾ."

ನಾನು ಅಷ್ಟು ನೆಟ್ಟಗೆ ಅದಕ್ಕೆ ಮುಂಚೆಯೂ ನಡೆದಿಲ್ಲ, ಆಮೇಲೂ ನಡೆದಿಲ್ಲ.

ಹಿರಿಯೂರಿನವರು ಕಾಫಿ ಕುಡಿದು ಬರಿಗೈಯಲ್ಲಿ ವಾಪಸಾದರು. ಅಪ್ಪ ಮುಂದೆಯೂ ದಿನಾ ಸಂಜೆ ಪೆಟ್ರೋಲ್ ವಾಸನೆಯ ಸಮೇತ ಮನೆಗೆ ಬಂದರು. ಕಾರು ಉಳಿಸಿದ್ದು ಅಜ್ಜಿಯ ತೀರ್ಥವೆಂದು ಕೊನೆತನಕ ನಂಬಿದ್ದರು. ತಿಪ್ಪೇಸ್ವಾಮಣ್ಣ ಅಜ್ಜಿಗೂ ಎದುರು ಹೇಳಲಿಲ್ಲ, ನನ್ನನ್ನೂ ಒಂದು ದಿನವೂ ಛೇಡಿಸಲಿಲ್ಲ. ನನ್ನ ಮದುವೆಗೆ ಬಂದು ಉಂಡು ಹರಸಿ ಹೋದ. ಆಗಲೂ ಬಾಯಿ ಬಿಡಲಿಲ್ಲ. ಅವನಿಗೊಂದು ಕೃತಜ್ಞತೆ ಹೇಳಬೇಕೆಂದು ನನಗೆ ಬುದ್ಧಿ ಬರುವಷ್ಟರಲ್ಲಿ ಅವನೇ ಇರಲಿಲ್ಲ.

ಹೋದ ತಿಂಗಳು ಚಿತ್ರದುರ್ಗದಲ್ಲಿ ಸಿಗ್ನಲ್ಲಿಗೆ ನಿಂತಾಗ ನನ್ನ ಕಾರೂ ನಡುಗಿತು. ವರ್ಕ್‌ಶಾಪಿನವರು ಇಂಜಿನ್ನಿಗೆ ಕಿವಿ ಕೊಡಲಿಲ್ಲ, ಕಂಪ್ಯೂಟರಿನ ಒಂದು ವೈರು ಚುಚ್ಚಿದರು. ಹತ್ತು ನಿಮಿಷದಲ್ಲಿ ಅಚ್ಚಾದ ಹಾಳೆ ಬಂತು. ಏನು ಕೆಟ್ಟಿದೆ, ಎಲ್ಲಿ ಕೆಟ್ಟಿದೆ, ಎಲ್ಲವೂ ಸಾಲಾಗಿ, ಸತ್ಯವಾಗಿ. ಒಳ್ಳೆಯ ಕೆಲಸವೇ, ಆಕ್ಷೇಪಣೆಯಿಲ್ಲ. ಹಾಳೆಯನ್ನು ಎರಡು ಸಲ ಓದಿದೆ. ಯಾರನ್ನೂ ಕಾಪಾಡುವ ಉಸಾಬರಿ ಅದಕ್ಕಿರಲಿಲ್ಲ.