ಮಡಚಿದ ಬೆರಳಿನ ಬಿಲ್ಲುಗಾರಿಕೆ

ನನ್ನ ಬಲಗೈಯ ನಡುಬೆರಳು ನನಗಿಂತ ಅರ್ಧ ಗಂಟೆ ತಡವಾಗಿ ಏಳುತ್ತದೆ. ನಾನು ಕಣ್ಣು ಬಿಟ್ಟು ಉಳಿದ ಬೆರಳುಗಳನ್ನೆಲ್ಲ ಬಿಡಿಸಿದ ಮೇಲೂ ಅದು ಅಂಗೈಯೊಳಗೆ ಮುದುರಿಕೊಂಡು ಮಲಗಿರುತ್ತದೆ. ಎಡಗೈಯಿಂದ ಹಿಡಿದು ನಿಧಾನಕ್ಕೆ ಎತ್ತಬೇಕು. ಆಗ ಟಕ್ಕೆಂದು ಸದ್ದು ಮಾಡಿ, ಮೇಲಧಿಕಾರಿಯನ್ನು ಕಂಡ ಗುಮಾಸ್ತನಂತೆ ನೆಟ್ಟಗಾಗುತ್ತದೆ. ಹಿಂದೂಪುರದ ವೈದ್ಯರೊಬ್ಬರು ಪರೀಕ್ಷಿಸಿ, ಬೆರಳನ್ನು ಎಳೆಯುವ ಹುರಿ ಒಳಗೇ ಊದಿಕೊಂಡು ತನ್ನ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ ಎಂದರು. ಇದಕ್ಕೆ ಟ್ರಿಗರ್ ಫಿಂಗರ್ ಎಂದು ಹೆಸರಂತೆ. ಬಿಲ್ಲು ಹಿಡಿಯುವವನಿಗೆ ಬಂದೂಕಿನ ಕಾಯಿಲೆ ಬರಿಸಿದ್ದು ವಿಧಿಯ ಅಜಾಗರೂಕತೆಯೆಂದೇ ನಾನು ತಿಳಿದಿದ್ದೇನೆ.

ಹೌದು, ಬಿಲ್ಲು. ನಿವೃತ್ತರಾದ ಮೇಷ್ಟರು ಯಾವುದಾದರೊಂದು ವ್ಯಸನ ಅಂಟಿಸಿಕೊಳ್ಳಲೇಬೇಕು. ಕೆಲವರು ಪತ್ರಿಕೆಗೆ ಪತ್ರ ಬರೆಯುತ್ತಾರೆ, ಕೆಲವರು ತಮ್ಮ ಸಕ್ಕರೆ ಕಾಯಿಲೆಯ ಬಗ್ಗೆ ಉಪನ್ಯಾಸ ಕೊಡುತ್ತಾರೆ. ನಾನು ಓಬಳೇಶಪ್ಪನ ಕೈಗೆ ಸಿಕ್ಕೆ. ಆತ ನನ್ನ ಜೊತೆಯಲ್ಲೇ ನಿವೃತ್ತನಾದ ಡ್ರಿಲ್ ಮೇಷ್ಟ್ರು. ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದ ಅಭ್ಯಾಸ ಬಿಡಲಾರದೆ ಈಗ ಮೈದಾನದಲ್ಲಿ ಮುದುಕರನ್ನು ನಿಲ್ಲಿಸಿ ಬಿಲ್ಲುಗಾರಿಕೆ ಕಲಿಸುತ್ತಾನೆ.

ನಿಜ ಹೇಳಬೇಕೆಂದರೆ ನನ್ನ ತೊಂದರೆ ಬೆರಳಿಗಿಂತ ಹಳೆಯದು. ನಾನು ನೇಕಾರರ ಮನೆಯಲ್ಲಿ ಹುಟ್ಟಿದವನು. ಬಿಗಿದ ಎಳೆಯನ್ನು ಕೈಬಿಡಬಾರದು ಎಂಬುದು ನಮ್ಮಲ್ಲಿ ಅಕ್ಷರಾಭ್ಯಾಸಕ್ಕಿಂತ ಮೊದಲಿನ ಪಾಠ. ಬಿಲ್ಲುಗಾರಿಕೆಯೋ, ಬಿಗಿದ ಎಳೆಯನ್ನು ಥಟ್ಟನೆ ಬಿಟ್ಟುಬಿಡುವ ವಿದ್ಯೆ. ನನ್ನ ಬೆರಳುಗಳು, ಹೆದೆ ಎಲ್ಲಿ ತುಂಡಾಗುತ್ತದೋ ಎಂಬ ಕಾಳಜಿಯಿಂದ, ಅದನ್ನು ನೆಂಟರನ್ನು ಬಸ್ ಸ್ಟ್ಯಾಂಡಿಗೆ ಬಿಡುವಂತೆ ಸ್ವಲ್ಪ ದೂರ ಕಳಿಸಿಕೊಟ್ಟು ಬರುತ್ತಿದ್ದವು. ಬಾಣ ಎಡಕ್ಕೆ ವಾಲಿ ಬೇಲಿಗೆ ಹೋಗುತ್ತಿತ್ತು.

"ಮೇಷ್ಟ್ರೇ, ಅದು ನೂಲಲ್ಲ ಕಣ್ರೀ!" ಎಂದು ಓಬಳೇಶಪ್ಪ ಕೂಗುತ್ತಿದ್ದ. "ಕಿತ್ತೋದ್ರೆ ನಾನ್ ಗಂಟ್ ಹಾಕ್ತೀನಿ, ಬಿಟ್ಬುಡಿ!"

ಅಂತೂ ಬಿಡುವುದನ್ನು ಕಲಿಯುವ ಹೊತ್ತಿಗೆ ಈ ನಡುಬೆರಳು ಸ್ವತಂತ್ರ ನಿಲುವು ತಾಳಿತು. ಹೆದೆಯನ್ನು ಎಳೆಯುವುದು ಮೂರು ಬೆರಳುಗಳ ಕೆಲಸ. ಅದರಲ್ಲಿ ಹೆಚ್ಚಿನ ಭಾರ ನಡುವಿನದಕ್ಕೆ. ಆ ಭಾರದ ಬೆರಳೇ ಹೆದೆಗೆ ಕೊಕ್ಕೆ ಹಾಕಿ ಕೂತು, ಬಿಡೆಂದರೆ ಬಿಡದು.

ನಾನು ಸುಧಾರಣೆಗಳನ್ನು ಜಾರಿಗೆ ತಂದೆ. ಬೆರಳಿಗೂ ಹೆದೆಗೂ ನಡುವೆ ಹಿಡಿಯುವ ತೊಗಲಿನ ತುಂಡನ್ನು ಎರಡು ಪದರ ಮಾಡಿದೆ. ಹೆದೆ ಎಲ್ಲಿದೆಯೆಂದೇ ತಿಳಿಯದಾಯಿತು. ಎಳೆಯಲು ಮೂವತ್ತಾರು ಪೌಂಡು ಬಲ ಬೇಕಾದ ಬಿಲ್ಲಿನಿಂದ ಇಪ್ಪತ್ತೆರಡರದಕ್ಕೆ ಇಳಿದೆ. ಇದನ್ನು ಯಾರಿಗೂ ಹೇಳಲಿಲ್ಲ. ಎಳೆಯುವಾಗ ಮುಖವನ್ನು ಮಾತ್ರ ಮೂವತ್ತಾರು ಪೌಂಡಿನಷ್ಟೇ ಕಿವುಚುತ್ತಿದ್ದೆ. ಆಮೇಲೆ ನಡುಬೆರಳಿಗೆ ರಜೆ ಕೊಟ್ಟು ಅಕ್ಕಪಕ್ಕದ ಎರಡರಿಂದಲೇ ಎಳೆದು ನೋಡಿದೆ. ರಜೆಯಲ್ಲಿದ್ದರೂ ಕಚೇರಿಯ ಬಾಗಿಲಲ್ಲೇ ಅಡ್ಡಾಡುವ ನೌಕರನಂತೆ ಅದು ಹೆದೆಗೆ ಅಡ್ಡ ಬಂತು.

ಪುರಾಣದ ಬಿಲ್ಲುಗಾರರಲ್ಲಿ ಒಬ್ಬನಿಗಾದರೂ ಗೆಣ್ಣು ನೋವು ಬಂದ ಉಲ್ಲೇಖವನ್ನು ನಾನು ಕಂಡಿಲ್ಲ. ಅವರು ವರ್ಷಗಟ್ಟಲೆ ಬಾಣದ ಮಳೆಗರೆದರೂ ಬೆರಳಿಗೆ ಎಣ್ಣೆ ತಿಕ್ಕಿಸಿಕೊಂಡವರಲ್ಲ. ಶಿಲ್ಪಿಗಳು ಸತ್ಯಕ್ಕೆ ಹತ್ತಿರದವರು. ಹಳೆಯ ಗುಡಿಗಳ ಕಂಬಗಳನ್ನು ನೋಡಿ: ಮೂಗಿನ ಜೊತೆಗೆ ಮೊದಲು ಮುಕ್ಕಾಗಿರುವುದು ಬೆರಳು. ಕಲ್ಲಿನ ಬೆರಳೇ ತಾಳದಿರುವಾಗ ಮೂಳೆಯದು ಯಾವ ಲೆಕ್ಕ ಎಂದು ಒಂದು ವಾರ ಸಮಾಧಾನಪಟ್ಟುಕೊಂಡೆ.

ಸಮಾಧಾನಕ್ಕೂ ಗಡುವು ಬಂತು. ಪ್ರತಿ ಚಳಿಗಾಲದಲ್ಲಿ ನಮ್ಮ ಹಿಂದೂಪುರದ ಮುದುಕರಿಗೂ ಕಲ್ಯಾಣದುರ್ಗದ ಮುದುಕರಿಗೂ ಒಂದು ಸ್ನೇಹದ ಪಂದ್ಯ. ಹದಿನೈದು ದಿನ ಇದೆ ಎನ್ನುವಾಗ ಓಬಳೇಶಪ್ಪ ಗಂಭೀರವಾಗಿ ಹೇಳಿದ: "ಹನ್ನೆರಡು ಬಾಣ ಒಂದೇ ಸಮ ನೆಟ್ಟಗೆ ಬಿಟ್ಟು ತೋರ್ಸಿ ಮೇಷ್ಟ್ರೇ. ಆಗಾಕಿಲ್ಲ ಅಂದ್ರೆ ಅಂಕ ಬರ್ಕಳೋ ಕುರ್ಚೀಲಿ ಕೂತ್ಕಳಿ. ನೆಳ್ಳೂ ಇರ್ತದೆ."

ಆ ಕುರ್ಚಿಯನ್ನು ನಾನು ಬಲ್ಲೆ. ಅದರಲ್ಲಿ ಕೂತವರು ಮತ್ತೆ ಎದ್ದು ಬಾಣ ಬಿಡುವ ಗೆರೆಯ ಮೇಲೆ ನಿಂತದ್ದನ್ನು ನಾನು ನೋಡಿಲ್ಲ. ಮೊದಲು ಅಂಕ ಬರೆಯುತ್ತಾರೆ, ಆಮೇಲೆ ಮಜ್ಜಿಗೆ ಹಂಚುತ್ತಾರೆ, ಆಮೇಲೆ ಅವರನ್ನು "ಮೊದಲು ಬರ್ತಿದ್ರಲ್ಲ" ಎಂದು ನೆನೆಯುತ್ತಾರೆ.

ಮನೆಯಲ್ಲಿ ಈ ಅಳಲನ್ನು ಸವಿಸ್ತಾರವಾಗಿ ತೋಡಿಕೊಂಡೆ. ನನ್ನ ಹೆಂಡತಿ ಮಗ್ಗದಿಂದ ತಲೆ ಎತ್ತದೆ ಕೇಳಿದಳು. ಎಳೆಯೊಂದನ್ನು ಹೊಸೆದು ಕೂಡಿಸಿದ ಮೇಲೆ ಬಾಯಿ ಬಿಟ್ಟಳು.

"ಬಿಚ್ಚಾಕ್ ಬರಾಕಿಲ್ಲ, ಬಿಚ್ಚಾಕ್ ಬರಾಕಿಲ್ಲ ಅಂತ ಮೂರ್ ತಿಂಗ್ಳಿಂದ ಕೇಳ್ತಾ ಇದೀನಿ. ಮಡಚ್ಕಂಡಿರಾಕ್ ಬತ್ತದಲ್ಲ? ಆ ಕೆಲ್ಸಾನೇ ಕೊಡ್ರೀ ಅದಕ್ಕೆ."

ಮೂವತ್ತೆರಡು ವರ್ಷ ಮಕ್ಕಳಿಗೆ ತರ್ಕ ಹೇಳಿಕೊಟ್ಟ ನನಗೆ ಇದು ಹೊಳೆದಿರಲಿಲ್ಲ. ಮೂಲೆಯಲ್ಲಿದ್ದ ಸೀಳು ಬಿಟ್ಟ ಲಾಳಿಯೊಂದನ್ನು ಅವಳು ಬಡಗಿಯಿಂದ ಮುಷ್ಟಿಯಳತೆಗೆ ಕುಯ್ಯಿಸಿದಳು. ವರ್ಷಗಟ್ಟಲೆ ಎಳೆಗಳ ನಡುವೆ ಓಡಾಡಿ ನುಣುಪಾದ ಮರ ಅದು. ತುದಿಗೆ ರೇಷ್ಮೆಯ ಗಟ್ಟಿ ಹುರಿ ಕಟ್ಟಿದಳು. ಲಾಳಿಯನ್ನು ಬೆರಳು ಮಡಚಿ ಮುಷ್ಟಿಯಲ್ಲಿ ಹಿಡಿಯಬೇಕು; ಹುರಿ ಹೆದೆಯನ್ನು ಬಳಸಿ ಹಿಂದಕ್ಕೆ ಬಂದು ನನ್ನ ಹೆಬ್ಬೆರಳ ಕೆಳಗೆ ಸಿಕ್ಕಬೇಕು. ಹೆಬ್ಬೆರಳೆತ್ತಿದರೆ ಹುರಿ ಜಾರಿ ಬಾಣ ಹೊರಡಬೇಕು. ಲಾಳಿಯನ್ನು ಒಂದು ಪಟ್ಟಿಯಿಂದ ಮಣಿಕಟ್ಟಿಗೂ ಬಿಗಿದಳು. ಭಾರವೆಲ್ಲ ಮಣಿಕಟ್ಟಿಗೆ, ನಡುಬೆರಳಿಗೆ ಬರೀ ಹಾಜರಿ. ವೈದ್ಯರಿಗೆ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಇದಾದ್ರೆ ನಂದೇನೂ ತಕರಾರಿಲ್ಲ" ಎಂದರು.

ಮೊದಲ ದಿನ ಅರ್ಧ ಎಳೆಯುವಷ್ಟರಲ್ಲೇ ಹೆಬ್ಬೆರಳು ಜಾರಿ, ನನ್ನ ಮುಷ್ಟಿ ನನ್ನದೇ ಗದ್ದಕ್ಕೆ ಗುದ್ದಿತು. ಇಷ್ಟು ನಿಖರವಾಗಿ ನಾನು ಯಾವ ಗುರಿಯನ್ನೂ ಹೊಡೆದವನಲ್ಲ. ನೀಲಿಗಟ್ಟಿದ ಗದ್ದವನ್ನು ಕಂಡ ನೆರೆಮನೆಯವರು ನನ್ನ ಹೆಂಡತಿಯ ಜೊತೆ ಒಂದು ವಾರ ಬಹಳ ಮರ್ಯಾದೆಯಿಂದ ನಡೆದುಕೊಂಡರು. ಎರಡನೆಯ ವಾರ ಹನ್ನೆರಡು ಬಾಣಗಳೂ ಹಲಗೆಗೆ ನೆಟ್ಟವು. ಓಬಳೇಶಪ್ಪ ಕುರ್ಚಿಗೆ ಬೇರೆಯವರನ್ನು ಹುಡುಕಿದ.

ಕಲ್ಯಾಣದುರ್ಗದ ತಂಡದ ನಾಯಕ ನನ್ನ ಬಾಮೈದ ವೀರಭದ್ರ. ಪಂದ್ಯದ ದಿನ ನನ್ನ ಕೈಯನ್ನು ನೋಡಿದವನೇ ಹುಬ್ಬೇರಿಸಿದ. "ಏನ್ ಬಾವಾ, ಮಗ್ಗಾನೇ ಕಿತ್ಕಂಡ್ ಬಂದ್ಬುಟ್ಟಿದೀರಾ? ಇದು ಮಿಷನ್ನು. ನಾವ್ ಕೈಯಾಗೆ ಹೊಡೀತೀವಿ, ನೀವ್ ಮಿಷನ್ನಾಗೆ ಹೊಡೆದ್ರೆ ಎಂಗೆ?" ಆಗದೆಂಬುದನ್ನು ತೆಲುಗಿನಲ್ಲಿ ಹೇಳಿದರೆ ತೀರ್ಪು ಇನ್ನೂ ಗಟ್ಟಿಯಾಗುತ್ತದೆಂಬಂತೆ, "ಕುದರದು ಬಾವಾ, ಕುದರದು" ಎಂದೂ ಸೇರಿಸಿದ.

"ನೀನ್ ಕನ್ನಡಕ ಹಾಕ್ಕಂಡ್ ಹೊಡೀತೀಯಲ್ಲಪ್ಪ, ಅದೇನ್ ನಿಮ್ಮಪ್ಪ ಕೊಟ್ಟ ಕಣ್ಣಾ?" ಎಂದ ಓಬಳೇಶಪ್ಪ.

ಅರ್ಧ ಗಂಟೆ ನ್ಯಾಯ ನಡೆಯಿತು. ಕೊನೆಗೆ ನಾನೂ ಗೆರೆಯ ಮೇಲೆ ನಿಲ್ಲಬಹುದು, ಆದರೆ ನನ್ನದು ಬೇರೆಯೇ 'ಲಾಳಿ ವಿಭಾಗ' ಎಂದು ತೀರ್ಮಾನವಾಯಿತು. ಆ ವಿಭಾಗದಲ್ಲಿ ನಾನೊಬ್ಬನೇ. ಮೊದಲನೆಯ ಸ್ಥಾನವೂ ಕೊನೆಯ ಸ್ಥಾನವೂ ಪೈಪೋಟಿಯಿಲ್ಲದೆ ನನಗೇ ಬಂದವು. ಹಾರ ಹಾಕಿದರು, ಟವಲ್ ಹೊದೆಸಿದರು. ಗೆರೆಯ ಮೇಲಂತೂ ಉಳಿದೆ. ಆದರೂ ಊಟಕ್ಕೆ ಕರೆದು ಬೇರೆ ಕೋಣೆಯಲ್ಲಿ ಎಲೆ ಹಾಕಿದಂತಿತ್ತು.

ಊರಿಗೆ ಹೊರಡುವಾಗ ವೀರಭದ್ರ ನನ್ನನ್ನು ಹುಣಸೆಮರದ ಹಿಂದಕ್ಕೆ ಕರೆದುಕೊಂಡು ಹೋದ. ಅತ್ತಿತ್ತ ನೋಡಿ, ಕೈಯ ತೊಗಲಿನ ತುಂಡು ಬಿಚ್ಚಿದ. ಉಂಗುರಬೆರಳಿನ ಗೆಣ್ಣು ನೆಲ್ಲಿಕಾಯಿಯಷ್ಟು ಊದಿತ್ತು.

"ಹೋದ್ ವರ್ಷದಿಂದ ಇಂಗೇ ಬಾವಾ. ಇವ್ರ್ ಮುಂದೆ ಹೇಳಿದ್ರೆ ಕುರ್ಚೀಲಿ ಕೂರಿಸ್ಬುಡ್ತಾರೆ. ಅಂತಾದ್ದೇ ಇನ್ನೊಂದ್ ಲಾಳಿ ಮಾಡ್ಸಿ ಕೊಡಿ. ಅಕ್ಕಂಗೆ ಮಾತ್ರ ಗೊತ್ತಾಗ್ಬಾರ್ದು."

"ಮಾಡೋಳೇ ನಿಮ್ಮಕ್ಕ ಕಣಪ್ಪ" ಎಂದೆ.

ಮುಂದಿನ ಚಳಿಗಾಲಕ್ಕೆ ನನ್ನ ವಿಭಾಗದಲ್ಲಿ ಇಬ್ಬರಿರುತ್ತೇವೆ. ವೀರಭದ್ರ ನನಗಿಂತ ಒಳ್ಳೆಯ ಬಿಲ್ಲುಗಾರ; ಆದ್ದರಿಂದ ನಾನು ಸೋಲುವುದು ಹೆಚ್ಚುಕಡಿಮೆ ಖಚಿತ. ಹಾರ, ಟವಲ್ ಕೊಡಲಾರದ ನೆಮ್ಮದಿಯನ್ನು ಈ ಯೋಚನೆ ಕೊಟ್ಟಿದೆ. ಸೋಲಬೇಕಾದರೂ ಗೆರೆಯ ಮೇಲೆ ನಿಂತಿರಲೇಬೇಕಲ್ಲ, ಪಕ್ಕದಲ್ಲಿ ಇನ್ನೊಬ್ಬನೂ ಇರಲೇಬೇಕಲ್ಲ.